ತಂಪು ಹಿಡಿದಿಟ್ಟ ಮನೆ

೨೧ ಜನವರಿ ೨೦೧೯, ಸೋಮವಾರ

ಬರೆದೆ. ಬೆರಳು ನೋಯುತ್ತದೆ. ಇವತ್ತಿಗೆ ಸಾಕು.

೨೩ ಜನವರಿ, ಬುಧವಾರ

ದಾವಣಗೆರೆ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಅಪ್ಪಣೆ ಇದು. "ಹಾಲಸ್ವಾಮಿಯವರೇ, ಚೆಂಡು ಒತ್ತೋದು ಬೇಜಾರು ಅಂದ್ರೆ ದಿನಾ ಸ್ವಲ್ಪ ಬರೀರಿ. ಏನಾದ್ರೂ ಬರೀರಿ, ಯಾರೂ ಓದಲ್ಲ" ಎಂದರು. ಹೊಸ ಚರ್ಮ ಬಿಗಿದುಕೊಂಡರೆ ಬೆರಳು ಮತ್ತೆ ಬಿಚ್ಚುವುದಿಲ್ಲವಂತೆ. ಲೈನ್‌ಮನ್ ಆಗಿ ಕಂಬ ಹತ್ತುತ್ತಿದ್ದ ಕೈ ಈಗ ಪೆನ್ನು ಹಿಡಿಯಲು ಹೆಣಗುತ್ತಿದೆ. ಅಕ್ಷರ ಕುರಿ ಹಿಕ್ಕೆ ಚೆಲ್ಲಿದ ಹಾಗಿದೆ.

೩ ಫೆಬ್ರವರಿ, ಭಾನುವಾರ

ಬೆಳಗಿನ ಹೊತ್ತು ಇನ್ನೂ ಚಳಿ ಇದೆ. ಆದರೆ ಮಧ್ಯಾಹ್ನ ಒಳಗೆ ಕೂತರೆ ಬೇಸಿಗೆ ಹೊಸ್ತಿಲಿಗೆ ಬಂದದ್ದು ತಿಳಿಯುತ್ತದೆ. ನಮ್ಮ ಹಟ್ಟಿಯಲ್ಲಿ ಮೊದಲು ತಾರಸಿ ಹಾಕಿದ ಮನೆ ನನ್ನದು. ಅವತ್ತು ಹಟ್ಟಿಯವರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಈಗ ಅದರ ಕೆಳಗೆ ಮಲಗಿದರೆ ಹಂಚಿನ ಮೇಲಿನ ರೊಟ್ಟಿಯಾಗುತ್ತೇನೆ.

ನನ್ನ ಕುತ್ತಿಗೆ, ಎದೆ, ಬೆನ್ನು, ಎರಡು ತೋಳು, ಮುಖದ ಎಡಭಾಗ ಸುಟ್ಟಿದ್ದವು. ಅಲ್ಲಿಗೆಲ್ಲ ತೊಡೆಯ ಚರ್ಮ ತೆಗೆದು ಹಾಕಿದ್ದಾರೆ. ಆ ಚರ್ಮಕ್ಕೆ ಬೆವರುವುದು ಗೊತ್ತಿಲ್ಲ. ಬೆವರದ ಮೈ ಬಿಸಿಲಿಗೆ ಕಾಯುತ್ತಲೇ ಹೋಗುತ್ತದೆ. ಕಳೆದ ಏಪ್ರಿಲ್‌ನಲ್ಲಿ ಹಾಗೆಯೇ ಎಚ್ಚರ ತಪ್ಪಿದೆ. ಹಿರಿಯೂರಿನ ಆಸ್ಪತ್ರೆಯಲ್ಲಿ ಐಸ್ ಸುತ್ತಿ ಮಲಗಿಸಿದ್ದರಂತೆ. "ಇನ್ನೊಂದು ಸಲ ಹಿಂಗಾದ್ರೆ ನಾವು ಏನೂ ಹೇಳಾಕಾಗಲ್ಲ. ಮುಂದಿನ ಬ್ಯಾಸಿಗೆ ಒಳಗೆ ತಣ್ಣಗಿರೋ ಜಾಗ ನೋಡ್ಕಳ್ರಿ" ಎಂದು ಡಾಕ್ಟರು ಮನೆಯವಳಿಗೆ ಹೇಳಿದರು.

ಎಸಿ ತಂದೆವು. ಮಧ್ಯಾಹ್ನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದರೆ ನಮ್ಮ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ವೋಲ್ಟೇಜ್ ಬಿದ್ದು ಎಸಿ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ನಡೆದರೂ ಅಷ್ಟೇ, ತಾರಸಿ ಮೇಲಿಂದ ಸುರಿಯುವ ಕಾವಿನ ಮುಂದೆ ಅದರ ಆಟ ಸಾಗುವುದಿಲ್ಲ. ಈ ಲೈನ್ ಎಳೆದವನೂ ನಾನೇ. ಯಾರನ್ನು ಬೈಯಲಿ?

ಹಾಗಾಗಿ ಮನೆಯವಳು ಸೀರೆ ಒದ್ದೆ ಮಾಡಿ ನನ್ನ ಮೈಮೇಲೆ ಹೊದಿಸುತ್ತಾಳೆ. ಒಣಗಿದರೆ ಮತ್ತೆ ಒದ್ದೆ ಮಾಡುತ್ತಾಳೆ. ಕಳೆದ ಬೇಸಿಗೆ ಪೂರ್ತಿ ಅದೇ ಕೆಲಸ.

೧೧ ಫೆಬ್ರವರಿ, ಸೋಮವಾರ

ಓಬಳೇಶಪ್ಪ ಬಂದಿದ್ದ. ಮಲಗಿದ್ದಾನೆ ಎಂದು ಅವ್ವನ ಕೈಲಿ ಹೇಳಿಸಿದೆ. ಅವನಿಗೂ ಗೊತ್ತು ಅದು ಸುಳ್ಳು ಎಂದು. ಜಗಲಿ ಮೇಲೆ ಸ್ವಲ್ಪ ಹೊತ್ತು ಕೂತು, ಬಾಳೆಹಣ್ಣಿನ ಚಿಪ್ಪು ಇಟ್ಟು ಹೋದ.

ನಾವಿಬ್ಬರೂ ಒಂದೇ ವರ್ಷ ಇಲಾಖೆಗೆ ಸೇರಿದವರು. ಮೈ ಸುಟ್ಟ ದಿನ ನಾನು ಕಂಬದ ಮೇಲೆ, ಅವನು ಕೆಳಗೆ. ಲೈನ್ ಆಫ್ ಮಾಡಿಸಿಯೇ ಹತ್ತಿದ್ದೆ. ಯಾವುದೋ ತೋಟದಲ್ಲಿ ಯಾರೋ ಜನರೇಟರ್ ಹಾಕಿದ್ದರು, ಅದರ ಕರೆಂಟು ಹಿಂದಕ್ಕೆ ಹರಿದು ಬಂತು. ಬೆಲ್ಟಿನಲ್ಲಿ ನೇತಾಡುತ್ತಿದ್ದ ನನ್ನನ್ನು ಓಬಳೇಶಪ್ಪ ಹತ್ತಿ, ಹೆಗಲ ಮೇಲೆ ಹಾಕಿಕೊಂಡು ಇಳಿಸಿದ. ಎಲ್ಲರೂ ಅವನನ್ನು ಹೊಗಳುತ್ತಾರೆ. ನನಗೆ ಮಾತ್ರ ಅವನ ಮುಖ ನೋಡಲು ಆಗುವುದಿಲ್ಲ. ಯಾಕೆ ಇಳಿಸಿದೆ ಎಂದು ಕೇಳಿಬಿಡುತ್ತೇನೆ ಅನ್ನುವ ಭಯ.

ಇದನ್ನು ಬರೆದ ಮೇಲೆ ಬೆರಳು ನೆಟ್ಟಗಾಗಲೇ ಇಲ್ಲ.

೧೯ ಫೆಬ್ರವರಿ, ಮಂಗಳವಾರ

ಇವತ್ತು ಉದ್ದ ಬರೆಯಬೇಕು.

ದಾವಣಗೆರೆಗೆ ತೋರಿಸಲು ಹೋಗಿದ್ದೆವು. ಮನೆಯವಳ ತಮ್ಮ ಕಾಟಯ್ಯ ತನ್ನ ಪಿಕಪ್ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದ. ದಾಳಿಂಬೆ ಇಡುವ ಕೋಲ್ಡ್ ರೂಮ್ ಕಟ್ಟುವುದು ಅವನ ಕಸುಬು. ಹೊಸದುರ್ಗ, ಶ್ರೀರಾಂಪುರ, ಹೊಳಲ್ಕೆರೆ ಎಂದು ತಿರುಗುತ್ತಲೇ ಇರುತ್ತಾನೆ. ಬರುವಾಗ ಚಿತ್ರದುರ್ಗ ದಾಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಾನು ಯಾವಾಗಿನಂತೆ, ಸುಟ್ಟ ಗುರುತು ಯಾರಿಗೂ ಕಾಣದ ಹಾಗೆ, ತಲೆ, ಮುಖ, ಕುತ್ತಿಗೆ ಎಲ್ಲ ಟವೆಲ್ ಸುತ್ತಿಕೊಂಡು ಕೂತಿದ್ದೆ. ಐಮಂಗಲ ಹತ್ತಿರ ಬರುವಾಗ ಕಣ್ಣು ಮಂಜಾಗತೊಡಗಿತು. ಮನೆಯವಳು ಬಾಟಲಿಯ ನೀರನ್ನೆಲ್ಲ ನನ್ನ ಎದೆಗೆ ಸುರಿದಳು. ನೀರೂ ಬಿಸಿಯಾಗಿತ್ತು.

"ಕಾಟಾ, ಎಲ್ಲಾದ್ರೂ ನೆಳ್ಳು ನೋಡೋ" ಎಂದಳು.

ಹೆದ್ದಾರಿ ಪಕ್ಕದ ತೋಟದಲ್ಲಿ ಅವನು ಕಟ್ಟುತ್ತಿದ್ದ ಕೋಲ್ಡ್ ರೂಮ್ ಇತ್ತು. ಗಾಡಿಯನ್ನು ಅಲ್ಲಿಗೆ ತಿರುಗಿಸಿ, ದಪ್ಪ ಬಾಗಿಲು ತೆಗೆದು, ನನ್ನ ತೋಳು ಹಿಡಿದು ಒಳಗೆ ಕೂರಿಸಿದ. ಬಾಗಿಲು ಮುಚ್ಚಿದ.

ಬಾವಿಗೆ ಇಳಿದ ಹಾಗಾಯಿತು. ತಂಪು ಎಂದರೆ ಐಸಿನ ಚಳಿಯಲ್ಲ, ಬೆಳಗಿನ ಜಾವದ ತಂಪು. ಸಿಮೆಂಟ್ ಚೀಲದ ಮೇಲೆ ಕೂತು ಉಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಎದೆಯ ಬಡಿತ ಇಳಿಯಿತು.

"ಮೆಷಿನ್ ಚಾಲೂ ಐತಾ?" ಎಂದೆ.

"ಮೆಷಿನ್ ಇನ್ನೂ ಬಂದೇ ಇಲ್ಲ ಭಾವ" ಎಂದ ಕಾಟಯ್ಯ. "ಬೆಳಿಗ್ಗೆ ಮಬ್ಬಿನಾಗೆ ನಮ್ಮ ಹುಡುಗ್ರು ಬಾಗ್ಲು ಹಾಕ್ಕೊಂಡು ಹೋಗ್ಯವ್ರೆ. ರಾತ್ರಿ ತಂಪೇ ಒಳಗೆ ಕುಂತೈತೆ. ಹೊರಗಿನ ಕಾವು ಈ ಗೋಡೆ ದಾಟಿ ಬರಾಕೇ ಹೊತ್ತು ಹಿಡಿತೈತೆ."

"ದಾಳಿಂಬೆ ಹಣ್ಣು ಪುಣ್ಯ ಮಾಡಿತ್ತು ಬಿಡು" ಎಂದೆ. ನಗಿಸಲು ಹೇಳಿದ್ದು. ಮನೆಯವಳು ನಗಲಿಲ್ಲ. ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

"ನಮ್ಗೂ ಒಂದು ಹಿಂಗೆ ಕಟ್ಟಾಕಾಗಲ್ವೇನೋ?" ಎಂದು ತಮ್ಮನನ್ನು ಕೇಳಿದಳು.

"ಮನಷ್ಯರಿಗೆ ತಗಡಿಂದು ಬ್ಯಾಡಕ್ಕ. ಮನೆಗೇ ಅಂತ ಬ್ಯಾರೆ ಹಲಗೆ ಬತ್ತಾವೆ. ಎರಡೂ ಕಡೆ ಸಿಮೆಂಟ್ ಹಲಗೆ, ಮಧ್ಯೆ ಅಂಗೈ ಅಗಲ ಥರ್ಮಾಕೋಲು. ಒತ್ತಿ ಅಂಟಿಸಿರ್ತಾರೆ. ಇಟ್ಟಿಗೆ ಬ್ಯಾಡ, ಕಂಬ ಬ್ಯಾಡ. ಹಲಗೆನೇ ಗೋಡೆ, ಹಲಗೆನೇ ಸೂರು, ಭಾರಾನೂ ಅದೇ ಹೊರ್ತೈತೆ. ಬೆಂಗಳೂರ ಕಡೆ ಎರಡು ಮನೆ ನಿಲ್ಸೀನಿ."

"ಹಂಗಾರೆ ಮಾಡು. ಏಪ್ರಿಲ್ ಒಳಗೆ ಮಾಡು" ಎಂದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ.

ಸಂಜೆಯವರೆಗೆ ಅಲ್ಲೇ ಇದ್ದು, ಬಿಸಿಲು ಇಳಿದ ಮೇಲೆ ಹೊರಟೆವು. ಆ ತೋಟದವರು ಯಾರೋ ಮಜ್ಜಿಗೆ ಕಳಿಸಿದ್ದರು. ಅವರ ಹೊಟ್ಟೆ ತಣ್ಣಗಿರಲಿ.

೨೪ ಫೆಬ್ರವರಿ, ಭಾನುವಾರ

ಅವ್ವನಿಗೆ ಒಪ್ಪಿಗೆಯಿಲ್ಲ. ನನ್ನ ಅವ್ವ ಜುಂಜಮ್ಮ ಒಮ್ಮೆ ಇಲ್ಲ ಎಂದರೆ ಹಟ್ಟಿಯ ಗೌಡನೂ ಎದುರು ನಿಲ್ಲುವುದಿಲ್ಲ.

"ಟಿವಿ ಡಬ್ಬದಾಗೆ ಬರ್ತಾವಲ್ಲ ಬಿಳೇವು, ಅದ್ರಾಗೆ ಮನೆ ಕಟ್ತಾರಂತೆ! ಕುರಿ ತಿಕ್ಕಿದ್ರೆ ಬೀಳ್ತೈತೆ ಕಣಪ್ಪ" ಎಂದು ಜಗಳ ತೆಗೆದಳು.

ಕಾಟಯ್ಯ ಒಂದು ತುಂಡು ಹಲಗೆ ತಂದಿದ್ದ. ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, "ಅತ್ತೆ, ಮ್ಯಾಲೆ ಹತ್ರಿ" ಎಂದ. ಅವ್ವ ಹತ್ತಲಿಲ್ಲ, ನಮ್ಮ ಟಗರನ್ನು ಹತ್ತಿಸಿದಳು. ಟಗರು ನಿಂತು, ಸುತ್ತ ನೋಡಿ, ಅಲ್ಲೇ ಹಿಕ್ಕೆ ಹಾಕಿತು. ಹಲಗೆ ಬಾಗಲಿಲ್ಲ. ಅವ್ವ ಹಿಕ್ಕೆ ಗುಡಿಸಿ ಹಾಕಿ ಒಳಗೆ ಹೋದಳು. ಒಪ್ಪಿದಳು ಎಂದು ತಿಳಿದುಕೊಂಡಿದ್ದೇವೆ.

ಇಲಾಖೆ ಕೊಟ್ಟ ಪರಿಹಾರ ಬ್ಯಾಂಕಿನಲ್ಲಿ ಮುಟ್ಟದೆ ಇತ್ತು. ಅದರಲ್ಲಿ ಆಗುತ್ತದಂತೆ. ಅಕ್ಕ ತಮ್ಮ ಕೂತು ಮಾತು ಮುಗಿಸಿದ್ದಾರೆ. ಹಳೆ ಮನೆಯ ಪಕ್ಕದ ಕುರಿ ದೊಡ್ಡಿಯ ಜಾಗದಲ್ಲಿ ಎರಡು ಕೋಣೆ, ಒಂದು ಅಡುಗೆಮನೆ.

೪ ಮಾರ್ಚ್, ಸೋಮವಾರ. ಶಿವರಾತ್ರಿ

ಪಾಯಕ್ಕೆ ಪೂಜೆ ಮಾಡಿದರು. ನಾನು ಕಿಟಕಿಯಿಂದ ನೋಡಿದೆ. ಹಟ್ಟಿಯ ಜನ ಬಂದಿದ್ದರು, ಅದಕ್ಕೇ ಹೊರಗೆ ಹೋಗಲಿಲ್ಲ. ಮನೆಯವಳು ಪ್ರಸಾದ ತಂದು ಕೈಗೆ ಕೊಟ್ಟಳು. ಕಿಟಕಿಗಳೆಲ್ಲ ಬಡಗಣ ದಿಕ್ಕಿಗೆ ಬರುತ್ತವಂತೆ, ಪಡುವಣಕ್ಕೆ ಒಂದೂ ಇಲ್ಲ. ಸಂಜೆ ಬಿಸಿಲು ಒಳಗೆ ಕಾಲಿಡಬಾರದು ಎನ್ನುತ್ತಾನೆ ಕಾಟಯ್ಯ.

೧೭ ಮಾರ್ಚ್, ಭಾನುವಾರ

ಮೂರು ದಿನದಿಂದ ಜ್ವರ. ಒದ್ದೆ ಸೀರೆ. ಒಣಗಿದ ಸೀರೆ. ಮತ್ತೆ ಒದ್ದೆ ಸೀರೆ. ಹಲಗೆ ಇನ್ನೂ ಬಂದಿಲ್ಲ.

೨೮ ಮಾರ್ಚ್, ಗುರುವಾರ

ಹಲಗೆ ಬಂದವು. ಲಾರಿ ಹಟ್ಟಿಯೊಳಗೆ ತಿರುಗಲಾರದೆ ಬೇಲಿ ಮುರಿಯಿತು. ಒಂದೊಂದು ಹಲಗೆಯೂ ಬಾಗಿಲಿಗಿಂತ ಎತ್ತರ, ಆದರೂ ಇಬ್ಬರು ಹಿಡಿದು ಸಲೀಸಾಗಿ ನಡೆಯುತ್ತಾರೆ.

ಪಕ್ಕದ ಮನೆಯ ಗುಡ್ಡಪ್ಪ ಬಂದು ಗೆಣ್ಣಿನಿಂದ ತಟ್ಟಿ ನೋಡಿದ. ಟೊಕ್ ಟೊಕ್ ಎಂದಿತು. "ಡಬ್ಬಿ ಮನೆ ಬಂತು ನೋಡ್ರಲೇ!" ಎಂದು ಕೂಗಿದ. ಎಲ್ಲರೂ ನಕ್ಕರು. ಒಳಗೆ ಕೂತಿದ್ದ ನನಗೆ ಸಿಟ್ಟು ಬಂತು. ಯಾಕೆ ಸಿಟ್ಟು ಬರಬೇಕು? ಇನ್ನೂ ಕಟ್ಟದ ಮನೆ, ನಾನು ಕೇಳದ ಮನೆ.

೩ ಏಪ್ರಿಲ್, ಬುಧವಾರ

ಗೋಡೆ ನಿಂತಿವೆ! ಬೆಳಿಗ್ಗೆ ಬರೀ ಪಾಯವಿದ್ದ ಜಾಗದಲ್ಲಿ ಸಂಜೆಗೆ ಕೋಣೆಗಳು. ಒಂದು ಹಲಗೆಯ ಅಂಚಿನಲ್ಲಿ ಕಾಲುವೆ ಹಾಗೆ ತೋಡಿರುತ್ತದೆ, ಇನ್ನೊಂದರ ಅಂಚು ಅದರೊಳಗೆ ಕೂರುತ್ತದೆ. ನಡುವೆ ನೊರೆಯಂಥ ಅಂಟು ಹೊಡೆಯುತ್ತಾರೆ, ಅದು ಉಬ್ಬಿ ಸಂದು ಮುಚ್ಚುತ್ತದೆ. ಜನ ಹೋದ ಮೇಲೆ ಟವೆಲ್ ಸುತ್ತಿಕೊಂಡು ಹೋಗಿ ನೋಡಿ ಬಂದೆ. ಬಿಸಿಲು ಬಿದ್ದ ಗೋಡೆಯ ಹೊರಗೆ ಕೈ ಇಟ್ಟರೆ ಚುರ್ ಎನ್ನುತ್ತದೆ. ಒಳಗಿನಿಂದ ಇಟ್ಟರೆ ಏನೂ ಇಲ್ಲ. ಹೊರಗೆ ಒಮ್ಮೆ, ಒಳಗೆ ಒಮ್ಮೆ ಇಟ್ಟು ನೋಡುತ್ತಿದ್ದೆ. ಅವ್ವ ಜಗಲಿಯಿಂದ, "ಅದೇನೋ ಮಗ, ಎಮ್ಮೆ ಸವರ್ದಂಗೆ ಸವರ್ತೀಯ" ಎಂದಳು.

೬ ಏಪ್ರಿಲ್, ಶನಿವಾರ. ಯುಗಾದಿ

ಬೇವು ಬೆಲ್ಲ. ಹೋಳಿಗೆ. ಕೆಲಸದವರಿಗೆ ರಜೆ. ಸೂರಿನ ಹಲಗೆಗಳನ್ನು ತಾಡಪಾಲಿನ ಕೆಳಗೆ ಪೇರಿಸಿಟ್ಟಿದ್ದಾರೆ. ಮಂಗಳವಾರ ಮೇಲೇರಿಸುತ್ತಾರೆ. ಮನೆಯವಳು, ನನ್ನ ಏಕನಾಥಮ್ಮ, ಹೊಸ ಗೋಡೆಗೂ ಮಾವಿನ ತೋರಣ ಕಟ್ಟಿದಳು. ನಾನು ಹಾಸಿಗೆ ಹಿಡಿದ ಮೇಲೆ ಅವಳಿಗೆ ಹೊಸ ಸೀರೆ ತಂದೇ ಇಲ್ಲ. ಅವಳ ಒಳ್ಳೆ ಸೀರೆಗಳೆಲ್ಲ ನನ್ನ ಮೈಮೇಲೆ ಒದ್ದೆಯಾಗಿ ಹಳತಾದವು.

೯ ಏಪ್ರಿಲ್, ಮಂಗಳವಾರ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಮಧ್ಯಾಹ್ನದವರೆಗೆ ಎಲ್ಲ ಸರಿಯಿತ್ತು. ಎರಡು ಸೂರಿನ ಹಲಗೆ ಮೇಲೇರಿದ್ದವು. ಹೊಸ ಮನೆಗೆ ಕರೆಂಟ್ ಲೈನ್ ಎಳೆಯಲು ಇಲಾಖೆಯವರು ಬಂದಿದ್ದರು. ಯಾರು ಬರುತ್ತಾರೆಂದು ಗೊತ್ತಿದ್ದರಿಂದ ನಾನು ಒಳಗೇ ಇದ್ದೆ. ಓಬಳೇಶಪ್ಪನೇ ಬಂದಿದ್ದ.

ಪಡುವಣ ದಿಕ್ಕು ಕೆಂಪಾಯಿತು. ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಧೂಳಿನಲ್ಲಿ ಕಾಣದಾದವು. ನೋಡನೋಡುತ್ತಲೇ ಬಿರುಗಾಳಿ ಹಟ್ಟಿಗೆ ನುಗ್ಗಿತು. ತಾಡಪಾಲು ಹರಿದು ಹಾರಿತು. ಪೇರಿಸಿಟ್ಟ ಹಲಗೆಯೊಂದು ಎದ್ದು, ಹಾಳೆ ಹಾಗೆ ಮಗುಚಿ, ಗುಡ್ಡಪ್ಪನ ದೊಡ್ಡಿಗೆ ಬಿತ್ತು. ಕುರಿಗಳು ಚೀರಿಕೊಂಡವು. ಸೂರು ಪೂರ್ತಿ ಮುಚ್ಚದ ಗೋಡೆಗಳ ಒಳಗೆ ಗಾಳಿ ತುಂಬಿ ಮೂಲೆಯ ಗೋಡೆ ಜಗ್ಗತೊಡಗಿತು. ಕಾಟಯ್ಯ ಮತ್ತು ಅವನ ಹುಡುಗರು ಗೋಡೆಯನ್ನು ಕೈಯಿಂದ ಒತ್ತಿ ಹಿಡಿದಿದ್ದರು. ಅವರ ನಡುವೆ ಏಕನಾಥಮ್ಮನೂ ಇದ್ದಳು. ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದಳು.

ನಾನು ಯಾವಾಗ ಹೊರಗೆ ಓಡಿದೆನೋ ಗೊತ್ತಿಲ್ಲ.

"ಒತ್ತಬ್ಯಾಡ್ರಿ! ಕಂಬಕ್ಕೆ ಕಟ್ಟಿದಂಗೆ ಆಚೆ ಕಡೆಯಿಂದ ಎಳ್ದು ಕಟ್ರಿ!" ಎಂದು ಕೂಗಿದೆ. "ಓಬಳೇಶ, ಹಗ್ಗ!"

ಓಬಳೇಶಪ್ಪ ಇಲಾಖೆ ಗಾಡಿಯಿಂದ ಹಗ್ಗದ ಸುರುಳಿ ಎಸೆದ. ನಾನು ಗೋಡೆಯ ತಲೆಗೆ ಕುಣಿಕೆ ಹಾಕಿದೆ, ಅವನು ಬೇವಿನ ಮರದ ಬುಡಕ್ಕೆ ಸುತ್ತಿ ಬಿಗಿದ. ಇನ್ನೊಂದು ಹಗ್ಗ ಗಾಡಿಯ ಕೊಕ್ಕೆಗೆ. "ಸಡ್ಲ ಬಿಡು... ಹಾಂ, ಎಳಿ ಈಗ" ಎಂದು ಅವನು ಹೇಳುವುದಕ್ಕೆ ಮುಂಚೆ ನಾನು ಎಳೆದಿರುತ್ತಿದ್ದೆ, ನಾನು ಹೇಳುವುದಕ್ಕೆ ಮುಂಚೆ ಅವನು ಸಡಿಲಿಸಿರುತ್ತಿದ್ದ. ಗುಡ್ಡಪ್ಪ, ಅವನ ಅಣ್ಣತಮ್ಮಂದಿರು ಬಂದು ಉಳಿದ ಹಲಗೆಗಳ ಮೇಲೆ ಕಲ್ಲು ಹೇರಿ, ತಾವೂ ಮೇಲೆ ಕೂತರು. ಆಮೇಲೆ ದಪ್ಪ ಹನಿ ಬಿತ್ತು, ಆಲಿಕಲ್ಲೂ ಬಿತ್ತು. ಎಲ್ಲರೂ ನೆನೆದೆವು. ಮಳೆ ನೀರು ಮೈಮೇಲೆ ಇಳಿಯುವಾಗ ಎಷ್ಟು ಹಾಯೆನಿಸಿತು ಎಂದರೆ, ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟೆ.

ಗೋಡೆ ಬೀಳಲಿಲ್ಲ. ಒಂದು ಹಲಗೆಯ ಮೂಲೆ ಮುರಿದಿದೆ. ಗುಡ್ಡಪ್ಪನ ಒಂದು ಮರಿಗೆ ಕಾಲು ಉಳುಕಿದೆ, ಅವ್ವ ಎಣ್ಣೆ ತಿಕ್ಕಿ ಕಟ್ಟಿದ್ದಾಳೆ. ಗುಡ್ಡಪ್ಪ ಜಗಳ ತೆಗೆಯಲಿಲ್ಲ. "ಮುರುದಿದ್ದು ಹಲಗೆ ತಾನೆ, ಬಿಡಪ್ಪ" ಎಂದು ಹೋದ.

ಎಲ್ಲರಿಗೂ ಅವ್ವ ಕಾಫಿ ಕೊಟ್ಟಳು. ನಾನೂ ಅವರೊಂದಿಗೆ ಜಗಲಿ ಮೇಲೆ ಕೂತು ಕುಡಿದೆ. ಟವೆಲ್ ಗಾಳಿಗೆ ಎಲ್ಲೋ ಹಾರಿಹೋಗಿದೆ. ನಾಳೆ ಹುಡುಕಬೇಕು.

೧೦ ಏಪ್ರಿಲ್, ಬುಧವಾರ

ಅಂಗೈ ಬಿರಿದಿದೆ. ಏಕನಾಥಮ್ಮ ಮುಲಾಮು ಹಚ್ಚಿದಳು. ಹಚ್ಚುವಾಗ ಅವಳ ಬೆರಳ ಸಂದುಗಳನ್ನು ನೋಡಿದೆ. ಚರ್ಮ ಬೆಳ್ಳಗಾಗಿ, ಅಲ್ಲಲ್ಲಿ ಒಡೆದು ಹುಣ್ಣಾಗಿದೆ. ಇಷ್ಟು ದಿನ ನೀರಿನಲ್ಲೇ ಇದ್ದ ಕೈ. ಆ ಮುಲಾಮನ್ನೇ ತೆಗೆದು ಅವಳ ಬೆರಳಿಗೂ ಹಚ್ಚಿದೆ. "ಅಯ್ಯ, ಬಿಡ್ರಿ, ಯಾರಾದ್ರೂ ನೋಡ್ತಾರೆ" ಎಂದಳು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

೧೪ ಏಪ್ರಿಲ್, ಭಾನುವಾರ

ಸೂರು ಮುಗಿಯಿತು. ಮೇಲೆ ಬಿಳಿ ಬಣ್ಣ ಬಳಿದರು. ಇವತ್ತು ಕಾಟಯ್ಯ ಒಂದು ತಮಾಷೆ ಮಾಡಿಸಿದ. ಬಾಗಿಲು ಕಿಟಕಿ ಎಲ್ಲ ಹಾಕಿ, ಹೊರಗೆ ಗಾಳಿ ಇರುವಾಗ, ಊದಿನಕಡ್ಡಿ ಹಚ್ಚಿ ಗೋಡೆಯ ಸಂದುಗಳ ಉದ್ದಕ್ಕೂ ಹಿಡಿಯುತ್ತಾ ಹೋಗಬೇಕು. ಹೊಗೆ ನೆಟ್ಟಗೆ ಎದ್ದರೆ ಸರಿ. ಅಲುಗಿದರೆ ಅಲ್ಲಿ ಗಾಳಿ ನುಸುಳುತ್ತಿದೆ ಎಂದರ್ಥ. ಗಾಳಿ ನುಸುಳಿದರೆ ಕಾವೂ ನುಸುಳುತ್ತದೆ.

ಏಕನಾಥಮ್ಮ ಕಡ್ಡಿ ಹಿಡಿದಳು, ನಾನು ಸೀಮೆಸುಣ್ಣದ ಗುರುತು ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು, "ಗೋಡಿಗೆ ಮಂಗಳಾರ್ತಿ ಎತ್ತೋ ಸೊಸೆನ ಇವತ್ತೇ ಕಂಡೆ" ಎಂದಳು. ಮೂಲೆಯಲ್ಲಿ, ಗಾಳಿಗೆ ಜಗ್ಗಿದ್ದ ಗೋಡೆಯ ಹತ್ತಿರ, ಹೊಗೆ ಬಳುಕಿತು. ಕಾಟಯ್ಯ ಅಲ್ಲಿ ಮತ್ತೆ ಅಂಟು ತುಂಬಿಸಿದ. ಏಕನಾಥಮ್ಮ ಮತ್ತೊಮ್ಮೆ ಕಡ್ಡಿ ಹಿಡಿದಳು. ಹೊಗೆ ದಾರದಂತೆ ಮೇಲಕ್ಕೆ ಹೋಯಿತು. ಎಲ್ಲರೂ ಕತ್ತೆತ್ತಿ ನೋಡುತ್ತಾ ನಿಂತೆವು.

ಟವೆಲ್ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿದೆ ಎಂದು ಅವ್ವ ಹೇಳುತ್ತಾಳೆ. ಹರಿದಿರಬೇಕು.

೨೧ ಏಪ್ರಿಲ್, ಭಾನುವಾರ

ಹಾಲು ಉಕ್ಕಿಸಿ ಹೊಸ ಮನೆಗೆ ಬಂದು ನಾಲ್ಕು ದಿನವಾಯಿತು. ಮೊದಲನೇ ದಿನ ಅವ್ವ ಉಸಿರು ಕಟ್ಟುತ್ತದೆ ಎಂದು ಹೊರಗೆ ಹೋದಳು. ಅವಳು ಹೇಳಿದ್ದು ಸರಿ. ಒಗ್ಗರಣೆ ಹೊಗೆ ಹೋಗಲು ದಾರಿಯಿರಲಿಲ್ಲ. ಕಾಟಯ್ಯ ಹಣೆ ಚಚ್ಚಿಕೊಂಡು, ಅಡುಗೆಮನೆಗೆ ಒಂದು ಗಾಳಿ ಎಳೆಯುವ ಫ್ಯಾನು, ಕೋಣೆಗೆ ಮುಚ್ಚಿ ತೆಗೆಯುವ ಎರಡು ಕಿಂಡಿ ಇಟ್ಟ. "ಹಣ್ಣಿಗೆ ಕಟ್ಟಿ ಕಟ್ಟಿ ಮನಷ್ಯ ಉಸ್ರಾಡ್ತಾನೆ ಅನ್ನಾದೇ ಮರ್ತೋಯ್ತು ನೋಡ್ರಿ ಅತ್ತೆ" ಎಂದ.

ಈ ಮನೆಯ ನಡೆ ಹಟ್ಟಿಯ ಉಳಿದ ಮನೆಗಳಿಗೆ ತಿರುಗಾಮುರುಗಾ. ಎಲ್ಲರೂ ಹಗಲು ಕಿಟಕಿ ತೆಗೆದು ರಾತ್ರಿ ಹಾಕುತ್ತಾರೆ. ನಾವು ರಾತ್ರಿ ಎಲ್ಲ ತೆಗೆದು, ಬಿಸಿಲು ಏರುವ ಮುಂಚೆ ಹಾಕುತ್ತೇವೆ. ಬೆಳಿಗ್ಗೆ ಮೋಟಾರುಗಳು ಶುರುವಾಗುವ ಮುಂಚೆ ವೋಲ್ಟೇಜ್ ಚೆನ್ನಾಗಿರುತ್ತದೆ, ಆಗ ಹಳೆಯ ಎಸಿಯನ್ನು ಸ್ವಲ್ಪ ಹೊತ್ತು ಓಡಿಸುತ್ತೇವೆ. ಆಮೇಲೆ ಕರೆಂಟು ಇರಲಿ ಹೋಗಲಿ, ಕೋಣೆ ಆ ತಂಪನ್ನು ಸಂಜೆಯವರೆಗೆ ಮಡಿಲಲ್ಲಿ ಇಟ್ಟುಕೊಂಡಿರುತ್ತದೆ.

೨ ಮೇ, ಗುರುವಾರ

ಇಂಥ ಬಿಸಿಲು ನಾನು ಕಂಡಿಲ್ಲ. ಬಬ್ಬೂರಿನ ಕೃಷಿ ಫಾರಂನಿಂದ ಬಂದವರೊಬ್ಬರು ಅಲ್ಲಿ ನಲವತ್ತು ಡಿಗ್ರಿ ದಾಟಿದೆ ಎಂದರು. ಹತ್ತು ಗಂಟೆಗೇ ಕರೆಂಟು ಹೋಯಿತು. ಕೋಲ್ಡ್ ರೂಮಿಗೆ ಹಾಕುವ ಥರ್ಮಾಮೀಟರ್ ಒಂದನ್ನು ಕಾಟಯ್ಯ ಗೋಡೆಗೆ ತಗುಲಿಸಿ ಹೋಗಿದ್ದಾನೆ. ಮಧ್ಯಾಹ್ನ ಅದು ಇಪ್ಪತ್ತೊಂಬತ್ತರಲ್ಲೇ ಇತ್ತು. ನಾನು ಕಳೆದ ವರ್ಷ ಎಚ್ಚರ ತಪ್ಪಿ ಬಿದ್ದ ಹೊತ್ತಿಗೆ ಸರಿಯಾಗಿ ಇವತ್ತು ಮುದ್ದೆ ಉಂಡು ಮಜ್ಜಿಗೆ ಕುಡಿಯುತ್ತಿದ್ದೆ.

ಬಾಗಿಲು ತಟ್ಟಿದ ಸದ್ದು. ಗುಡ್ಡಪ್ಪ ಅವನ ಅವ್ವನನ್ನು ಕೈಹಿಡಿದು ಕರೆದುಕೊಂಡು ಬಂದಿದ್ದ. ಮುದುಕಿಯ ಮುಖ ಕೆಂಪಾಗಿತ್ತು, ಬಾಯಿ ಒಣಗಿತ್ತು.

"ಒಂದೀಟು ಹೊತ್ತು ನಮ್ಮವ್ವ ಇಲ್ಲಿ ಕುಂತ್ಕಳ್ಲಾ?" ಎಂದ.

"ಡಬ್ಬಿ ಮನೆ ಕಣಪ್ಪ" ಎಂದಳು ನಮ್ಮ ಅವ್ವ, "ಕುರಿ ತಿಕ್ಕಿದ್ರೆ ಬೀಳ್ತೈತೆ. ನಿಮ್ಮವ್ವಂಗೆ ಭಯ ಆಗಾಕಿಲ್ವಾ?"

ಗುಡ್ಡಪ್ಪ ತಲೆ ಕೆರೆದುಕೊಂಡ. ಅವ್ವ ಅಷ್ಟರಲ್ಲೇ ಚಾಪೆ ಹಾಸಿಯಾಗಿತ್ತು. ಇಬ್ಬರು ಮುದುಕಿಯರೂ ಎಲೆಅಡಿಕೆ ಹಾಕಿಕೊಂಡು, ಸತ್ತವರ ಬದುಕಿದವರ ಸುದ್ದಿಯೆಲ್ಲ ಆಡಿದರು. ಸಂಜೆ ಹೋಗುವಾಗ ಗುಡ್ಡಪ್ಪನ ಅವ್ವ ನನ್ನ ಸುಟ್ಟ ಕೆನ್ನೆಯನ್ನು ಸವರಿ ನೆಟಿಗೆ ಮುರಿದಳು. ಹುಬ್ಬಿನ ಹತ್ತಿರ ಅವಳ ಬೆರಳು ತಗುಲಿದ್ದು ತಿಳಿಯಿತು. ಉಳಿದ ಕಡೆ ತಿಳಿಯಲಿಲ್ಲ, ಆದರೂ ಸಂತೋಷವಾಯಿತು.

೫ ಮೇ, ಭಾನುವಾರ

ಓಬಳೇಶಪ್ಪನನ್ನು ಊಟಕ್ಕೆ ಕರೆಸಿದ್ದೆ. ಅವನ ರಜೆ ನೋಡಿ ನಾನೇ ಫೋನ್ ಮಾಡಿದೆ. ಉಂಡ ಮೇಲೆ ಇಬ್ಬರೇ ಕೂತಾಗ, ಬೇಡ ಬೇಡ ಎಂದುಕೊಂಡೇ ಕೇಳಿಬಿಟ್ಟೆ.

"ಅವತ್ತು ಯಾಕೆ ಇಳಿಸ್ದೆ ನನ್ನ?"

"ಇಳಿಸ್ದೆ ಬಿಟ್ಟು ಬರಾದು ಹೆಂಗೆ ಅಂತ ನಂಗೆ ಗೊತ್ತಾಗ್ಲಿಲ್ಲ ಕಣಪ್ಪ" ಎಂದ. ಆಮೇಲೆ, "ನೀನು ಮಾತಾಡಿಸ್ದೆ ಇದ್ದಾಗ ನಂಗೂ ಅನ್ನಿಸ್ತಿತ್ತು. ನಿಂಗೆ ಉಪಕಾರ ಮಾಡಿದ್ನಾ, ಅನ್ಯಾಯ ಮಾಡಿದ್ನಾ ಅಂತ. ಅದಕ್ಕೇ ಬತ್ತಿದ್ದೆ. ನೋಡಾಣ, ಇವತ್ತಾದ್ರೂ ಬೈತಾನೇನೋ ಅಂತ."

ಅವನ ಹೆಗಲ ಮೇಲೆ ಕೈ ಇಟ್ಟೆ. ನನ್ನನ್ನು ಹೊತ್ತ ಹೆಗಲು.

"ಒಳ್ಳೇದು ಮಾಡ್ದೆ ಓಬಳೇಶ" ಎಂದೆ.

ಅವನು ಟವೆಲ್ ತೆಗೆದು ಮುಖ ಒರೆಸಿಕೊಂಡು, "ಏನಪ್ಪ ನಿನ್ನ ಮನೇಲಿ ಸೆಕೆನೇ ಇಲ್ಲ, ಆದ್ರೂ ಬೆವರು" ಎಂದ. ಇಬ್ಬರೂ ನಕ್ಕೆವು. ಜೂನ್‌ನಿಂದ ಸೆಕ್ಷನ್ ಆಫೀಸಿನಲ್ಲಿ ಫೋನ್ ನೋಡಿಕೊಳ್ಳುವ ಕೆಲಸಕ್ಕೆ ಬಾ ಎಂದು ಸಾಹೇಬರು ಅವನ ಕೈಲಿ ಹೇಳಿ ಕಳಿಸಿದ್ದಾರೆ. ಬೆಳಗಿನ ಪಾಳಿಯಾದರೆ ಬರುತ್ತೇನೆ ಎಂದೆ.

೧೨ ಮೇ, ಭಾನುವಾರ

ಇವತ್ತು ವಿಶೇಷವೇನೂ ಇಲ್ಲ. ಊಟವಾದ ಮೇಲೆ ಅವ್ವ ಗುಡ್ಡಪ್ಪನ ಮನೆಗೆ ಹೋದಳು. ಕರೆಂಟು ಇರಲಿಲ್ಲ. ಹೊರಗೆ ಕುರಿಗಳೂ ಬೇವಿನ ನೆರಳಿಗೆ ಸೇರಿ ತಲೆ ತಗ್ಗಿಸಿದ್ದವು. ನಾನು ಪೇಪರ್ ಓದುತ್ತಿದ್ದೆ. ಏಕನಾಥಮ್ಮ ಅವರೆಕಾಳು ಹಸನು ಮಾಡುತ್ತಾ ಗೋಡೆಗೆ ಒರಗಿ ಕೂತಿದ್ದಳು. ಏನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಮೊರ ತೊಡೆಯ ಮೇಲಿತ್ತು, ಕೈಯಲ್ಲಿ ನಾಲ್ಕು ಕಾಳು ಹಾಗೇ ಇದ್ದವು, ಕತ್ತು ಪಕ್ಕಕ್ಕೆ ವಾಲಿತ್ತು. ನಿದ್ದೆ ಬಂದಿತ್ತು.

ನನಗೆ ಅಪಘಾತವಾದಂದಿನಿಂದ ಅವಳು ಹಗಲು ಕಣ್ಣು ಮುಚ್ಚಿದ್ದನ್ನು ನೋಡಿಲ್ಲ. ರಾತ್ರಿಯೂ ಸೀರೆ ಒಣಗಿತೇ ಎಂದು ಮುಟ್ಟಿ ನೋಡುತ್ತಾ ಅರ್ಧ ಎಚ್ಚರದಲ್ಲೇ ಇರುತ್ತಿದ್ದಳು.

ಮೊರವನ್ನು ಸದ್ದಾಗದ ಹಾಗೆ ತೆಗೆದೆ. ತಲೆಗೆ ದಿಂಬು ಕೊಟ್ಟೆ, ಎಚ್ಚರವಾಗಲಿಲ್ಲ, ಚಾಪೆಗೆ ಹೊರಳಿ ಕಾಲು ಮಡಚಿಕೊಂಡಳು. ಸಣ್ಣಗೆ ಗೊರಕೆ ಹೊಡೆದಳು. ಉಳಿದ ಕಾಳನ್ನು ನಾನೇ ಹಸನು ಮಾಡಿದೆ. ನಿಧಾನ, ಆದರೆ ಒಂದೊಂದೇ ಕಾಳು ಬೆರಳಿಗೆ ಸಿಗುತ್ತದೆ. ಹಿತ್ತಲ ಕಡೆಯಿಂದ ಯಾರೋ "ಏಕಮ್ಮಾ" ಎಂದು ಕೂಗಿದರು. ಬಾಗಿಲ ಹತ್ತಿರ ಹೋಗಿ, ಮಲಗಿದ್ದಾಳೆ, ಆಮೇಲೆ ಬರ್ರಿ ಎಂದು ಕೈಸನ್ನೆ ಮಾಡಿ ಕಳಿಸಿದೆ.

ಬಿಸಿಲು ಇಳಿಯುತ್ತಿದೆ. ಅವಳಿನ್ನೂ ಮಲಗಿದ್ದಾಳೆ. ಟೀಗೆ ನೀರು ಇಟ್ಟು ಬಂದು ಇಷ್ಟು ಬರೆದೆ.